ಬಾಗಿಲು ಮುಚ್ಚಿದ ದಿನಗಳು: ಓಖ್ಲಾದ ನಿವೃತ್ತರೊಬ್ಬರ ದಿನಚರಿಯಿಂದ ಆರೋಗ್ಯದ ಕೆಲವು ಪಾಠಗಳು

ದೆಹಲಿಗೆ ಉದ್ಯೋಗನಿಮಿತ್ತ ಬಂದು ನೆಲೆಸಿದ ಕನ್ನಡಿಗರು ನಿವೃತ್ತಿಯ ತರುವಾಯ ಎರಡು ಪಂಗಡಗಳಾಗುವುದುಂಟು. ಭವಿಷ್ಯನಿಧಿಯ ಮೊತ್ತವನ್ನು ಪಡೆದು, ಸಾಮಾನು ಸರಂಜಾಮುಗಳನ್ನು ಕಟ್ಟಿಕೊಂಡು ಧಾರವಾಡಕ್ಕೋ ಮೈಸೂರಿಗೋ ಉಡುಪಿಗೋ ಮರಳುವವರು ಮೊದಲನೆಯವರು. ಮಕ್ಕಳ ವಿದ್ಯಾಭ್ಯಾಸ, ಕಂತು ಕಟ್ಟಿ ಕೊಂಡ ಮನೆ, ಮೂರು ನಾಲ್ಕು ದಶಕಗಳ ನೆರೆಹೊರೆಯ ಬಳಕೆ, ಇವುಗಳಿಗೆ ಕಟ್ಟುಬಿದ್ದು ಇಲ್ಲಿಯೇ ಉಳಿದುಬಿಡುವವರು ಎರಡನೆಯವರು. ನಿವೃತ್ತಿ ಎಂಬ ಪದಕ್ಕೆ ಹಿಂದಿರುಗುವುದು ಎಂಬ ಅರ್ಥವಿದ್ದರೂ ಇವರು ಹಿಂದಿರುಗಿದವರಲ್ಲ. ಊರಿನಲ್ಲಿ ಬಂಧುಗಳಿರುತ್ತಾರೆ, ಕೈಗೆ ಸಿಗುವಷ್ಟು ದೂರದಲ್ಲಿರುವುದಿಲ್ಲ. 2020ರ ಮಾರ್ಚ್ ತಿಂಗಳಿನಿಂದ ಎರಡು ವರ್ಷಗಳ ಕಾಲ ನಡೆದ ಕೋವಿಡ್ ಮಹಾಮಾರಿಯು ಈ ಎರಡನೆಯ ಪಂಗಡದವರನ್ನು ಪರೀಕ್ಷಿಸಿದ ರೀತಿ ವಿಶೇಷವಾದುದು.

ಈ ಲೇಖನದಲ್ಲಿ ಬರುವ ಹಿರಿಯರು ಯಾವುದೋ ಒಂದು ಮನೆಯ ಒಬ್ಬ ವ್ಯಕ್ತಿಯಲ್ಲ. ಹಲವು ಮನೆಗಳಲ್ಲಿ ನಡೆಯುತ್ತಿದ್ದುದನ್ನು ಕೂಡಿಸಿ ರೂಪಿಸಿದ ಮಾದರಿ. ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದ ಅವರಿಗೆ 2020ರಲ್ಲಿ ಎಪ್ಪತ್ತೊಂದು ವರ್ಷ. ರಕ್ತದೊತ್ತಡಕ್ಕೆ ದಿನವೂ ಒಂದು ಮಾತ್ರೆ. ಅವರ ಪತ್ನಿಗೆ ಅರವತ್ತೇಳು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ಮಗಳು ಬೆಂಗಳೂರಿನಲ್ಲಿ, ಮಗ ಹೊರದೇಶದಲ್ಲಿ. ವಾಸ ಓಖ್ಲಾದ ಬಡಾವಣೆಯೊಂದರ ಎರಡನೆಯ ಮಹಡಿಯಲ್ಲಿ. ಕಚೇರಿಯ ಅಭ್ಯಾಸ ಬಿಡದೆ, ದಿನದ ಖರ್ಚು, ಬಂದ ಕಾಗದಪತ್ರ, ತೆಗೆದುಕೊಂಡ ಮಾತ್ರೆ ಎಲ್ಲವನ್ನೂ ಡೈರಿಯಲ್ಲಿ ಗುರುತುಹಾಕುವವರು. ಈ ಡೈರಿಯ ಅಭ್ಯಾಸವು ಮುಂದೆ ಒಂದು ಜೀವವನ್ನು ಉಳಿಸಲು ನೆರವಾಯಿತೆಂಬುದನ್ನು ವಾಚಕರು ಕಾಣುವರು.

ಓಖ್ಲಾ ಎಂದರೆ ಯಮುನೆಗೆ 1874ರಲ್ಲಿ ಒಡ್ಡು ಕಟ್ಟಿ ಆಗ್ರಾ ಕಾಲುವೆಯನ್ನು ಹರಿಯಿಸಿದ ತಾಣ. ಸ್ವಾತಂತ್ರ್ಯಾನಂತರ ಅಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಒಂದು ಮಗ್ಗುಲಲ್ಲಿ ಜಾಮಿಯಾ ವಿಶ್ವವಿದ್ಯಾಲಯ ಮತ್ತು ಕಿಕ್ಕಿರಿದ ವಸತಿಗಳು, ಇನ್ನೊಂದು ಮಗ್ಗುಲಲ್ಲಿ ತರಕಾರಿ ಮಂಡಿ, ಹೊಳೆಯಾಚೆಗೆ ಪಕ್ಷಿಧಾಮ. ನಗರದ ಕೊಳಚೆ ನೀರನ್ನು ಶುದ್ಧೀಕರಿಸುವ ಬೃಹತ್ ಸ್ಥಾವರವೂ ಕಸವನ್ನು ಸುಟ್ಟು ವಿದ್ಯುತ್ತನ್ನು ಉತ್ಪಾದಿಸುವ ಕಾರ್ಖಾನೆಯೂ ಇಲ್ಲಿಯೇ ಇವೆ. ಸಿದ್ಧ ಉಡುಪಿನ ಘಟಕಗಳು, ಮುದ್ರಣಾಲಯಗಳು, ಟೆಂಪೋಗಳ ಗದ್ದಲ, ಇವೆಲ್ಲವೂ 2020ರ ಮಾರ್ಚ್ ತಿಂಗಳಲ್ಲಿ ಒಮ್ಮೆಗೇ ನಿಂತುಹೋದವು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಅಂದಿನಿಂದಲೇ ಮೆಟ್ರೋ ರೈಲು ಬಂದ್. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರ ಘೋಷಣೆ, ಮಧ್ಯರಾತ್ರಿಯಿಂದ ಇಪ್ಪತ್ತೊಂದು ದಿನಗಳ ಲಾಕ್‌ಡೌನ್. ಮೂರು ದಿನಗಳೊಳಗಾಗಿ, ಕೂಲಿ ನಿಂತ ಕಾರ್ಮಿಕರು ಗಂಟು ಹೊತ್ತು ಆನಂದ ವಿಹಾರದ ಬಸ್ಸು ನಿಲ್ದಾಣದತ್ತ ನಡೆಯತೊಡಗಿದರು. ಮನೆಯೊಳಗೆ ಕುಳಿತಿರುವುದೂ ಒಂದು ಅನುಕೂಲವೇ ಎಂಬುದು ಓಖ್ಲಾದ ಪೆನ್ಷನ್‌ದಾರನಿಗೆ ಅಂದು ಅರ್ಥವಾಗದಿದ್ದರೆ ಇನ್ನೆಂದಿಗೂ ಅರ್ಥವಾಗಲಾರದು.

ಭಾರತದಲ್ಲಿ ಈ ರೋಗದಿಂದ ಸಂಭವಿಸಿದುದಾಗಿ ದಾಖಲಾದ ಮೊದಲ ಸಾವು ಕನ್ನಡನಾಡಿನದು. 2020ರ ಮಾರ್ಚ್ 10ರಂದು ಮೃತರಾದ ಕಲಬುರಗಿಯ ಆ ವೃದ್ಧರಿಗೆ 76 ವರ್ಷ. ಮೊದಲ ಸುದ್ದಿಯಲ್ಲಿಯೇ ರೋಗದ ಸ್ವಭಾವವು ಪ್ರಕಟವಾಗಿತ್ತು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಾಗ, ಇಪ್ಪತ್ತರಿಂದ ನಲವತ್ತರ ಪ್ರಾಯದವರು ಅಸಾಧಾರಣ ಸಂಖ್ಯೆಯಲ್ಲಿ ಸತ್ತಿದ್ದರು. ಕೋವಿಡ್‌ನ ಲೆಕ್ಕ ಬೇರೆ. ವಯಸ್ಸು ಹೆಚ್ಚಿದಂತೆಲ್ಲ ಅಪಾಯ ಹಲವು ಪಟ್ಟು ಏರುತ್ತ ಹೋಗುತ್ತದೆ. ವಯಸ್ಸಾದಂತೆ ಹೊಸ ರೋಗಾಣುವನ್ನು ಗುರುತಿಸಿ ಎದುರಿಸುವ ಜೀವಕೋಶಗಳ ಉತ್ಪತ್ತಿ ಕುಗ್ಗುತ್ತದೆ. ಎದುರಿಸಲು ತಡವಾದಷ್ಟೂ ರೋಗಾಣು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮತ್ತೊಂದು ಸಂಗತಿಯನ್ನು ಮನೆಯವರು ಚೆನ್ನಾಗಿ ನೆನಪಿಡಬೇಕು. ಮುದುಕರಿಗೆ ಸೋಂಕು ತಗುಲಿದಾಗ ಜ್ವರವೇ ಬಾರದಿರಬಹುದು. ಊಟ ಸೇರದಿರುವುದು, ಎರಡು ಮೂರು ಬಾರಿ ಎಡವಿ ಬೀಳುವುದು, ಮಾತಿನಲ್ಲಿ ಗಲಿಬಿಲಿ, ಹಗಲಿಡೀ ಮಂಪರು ಇಷ್ಟೇ ಲಕ್ಷಣವಾಗಿರಬಹುದು. ಇದನ್ನು ಅರಳುಮರಳು ಎಂದು ತಳ್ಳಿಹಾಕಿ ಎರಡು ದಿನ ಕಳೆಯುವ ಮನೆಗಳು ಬಹಳ.

ಪ್ಲೇಗಿನ ನೆನಪು ಮತ್ತು ಕಿಟಕಿಯ ಪ್ರಶ್ನೆ

ಕನ್ನಡನಾಡಿನ ಹಳೆಯ ತಲೆಮಾರಿಗೆ ಸಾಂಕ್ರಾಮಿಕವೆಂದರೆ ಪ್ಲೇಗು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿನ ತರುವಾಯವೇ ಬಸವನಗುಡಿ, ಮಲ್ಲೇಶ್ವರಗಳಂತಹ ವಿಶಾಲ ಬೀದಿಗಳ ಬಡಾವಣೆಗಳು ಬೆಳೆದವು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರೇ ಖಾಲಿ. ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಈ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಓಖ್ಲಾದ ಹಿರಿಯರಿಗೆ 2020ರ ಆದೇಶ ತಲೆಕೆಳಗಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಅಂದು ಮನೆ ಬಿಟ್ಟು ಹೋದವನು ಬದುಕಿದ. ಇಂದು ಮನೆಯೊಳಗಿದ್ದವನು ಬದುಕುತ್ತಾನೆ ಎಂದು ಸರ್ಕಾರ ಹೇಳಿತು. ಎರಡರ ತರ್ಕವೂ ಸರಿಯೇ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುವುದರಿಂದ ಇಲಿಯ ಮನೆಯನ್ನು ತ್ಯಜಿಸಬೇಕಾಗಿತ್ತು; ಕೋವಿಡ್ ಮನುಷ್ಯನ ಉಸಿರಿನಿಂದ ಬರುವುದರಿಂದ ಜನಸಂದಣಿಯನ್ನು ತ್ಯಜಿಸಬೇಕಾಗಿತ್ತು.

ಆದರೆ ಉಸಿರಿನಿಂದ ಎಂಬ ಮಾತನ್ನು ಜಗತ್ತು ಪೂರ್ಣವಾಗಿ ಒಪ್ಪಲು ಕಾಲ ಹಿಡಿಯಿತು. ಮೊದಲ ವರ್ಷದಲ್ಲಿ ಕೆಮ್ಮಿನ ಹನಿಗಳು ಬಿದ್ದ ವಸ್ತುಗಳನ್ನು ಮುಟ್ಟುವುದೇ ದೊಡ್ಡ ಅಪಾಯವೆಂದು ಜನ ನಂಬಿದ್ದರು. ಮದರ್ ಡೈರಿಯ ಹಾಲಿನ ಪೊಟ್ಟಣಕ್ಕೆ ಸಾಬೂನಿನ ಸ್ನಾನ, ಮಂಡಿಯಿಂದ ಬಂದ ಟೊಮೇಟೊ ಮತ್ತು ಸೌತೆಕಾಯಿಗಳಿಗೆ ಉಪ್ಪುನೀರಿನ ಅಭ್ಯಂಜನ, ದಿನಪತ್ರಿಕೆಗೆ ಇಸ್ತ್ರಿ! ಇಸ್ತ್ರಿ ಮಾಡಿದ ಪತ್ರಿಕೆಯಲ್ಲಿನ ಸುದ್ದಿಯೇನೂ ತಣ್ಣಗಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಇಷ್ಟೆಲ್ಲ ಎಚ್ಚರಿಕೆಯ ನಡುವೆ ಅದೇ ಮನೆಗಳ ಕಿಟಕಿಗಳು ಭದ್ರವಾಗಿ ಮುಚ್ಚಿರುತ್ತಿದ್ದವು. ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಬೀಡಿಯ ಹೊಗೆಯಂತೆ ಬಹಳ ಹೊತ್ತು ನಿಲ್ಲುತ್ತವೆ ಎಂಬ ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಗಳಲ್ಲಿ ಸ್ಪಷ್ಟವಾದ ಸ್ಥಾನ ಕೊಟ್ಟುದು 2021ರಲ್ಲಿ. ಕೈ ತೊಳೆಯುವುದು ಒಳ್ಳೆಯ ಅಭ್ಯಾಸ, ಅದನ್ನು ಬಿಡಬೇಕಾಗಿಲ್ಲ. ಆದರೆ ಬಂದ ಅತಿಥಿಯನ್ನು ತೆರೆದ ಬಾಲ್ಕನಿಯಲ್ಲಿ ಕೂರಿಸುವುದು, ಎದುರುಬದುರಿನ ಎರಡು ಕಿಟಕಿಗಳನ್ನು ತೆರೆಯುವುದು, ಮೂಗಿಗೂ ಬಾಯಿಗೂ ಬಿಗಿಯಾಗಿ ಕೂರುವ ಮಾಸ್ಕ್ ಧರಿಸುವುದು, ಇವುಗಳಿಂದ ಸಿಗುವ ರಕ್ಷಣೆ ಹಾಲಿನ ಪೊಟ್ಟಣವನ್ನು ತೊಳೆಯುವುದರಿಂದ ಸಿಗುವುದಕ್ಕಿಂತ ಎಷ್ಟೋ ಹೆಚ್ಚಿನದು.

ಕುಳಿತವನ ಮೈ

ಮೊದಲ ಲಾಕ್‌ಡೌನ್ ಮೇ 3ರವರೆಗೆ, ಅನಂತರ 17ರವರೆಗೆ, ಕೊನೆಗೆ 31ರವರೆಗೆ ಬೆಳೆಯಿತು. ದೂರದರ್ಶನದಲ್ಲಿ ಮಾರ್ಚ್ 28ರಿಂದ ರಾಮಾಯಣ ಮರಳಿ ಬಂದಿತು. ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ಮೂವತ್ತು ವರ್ಷಗಳ ಹಿಂದೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದ್ದನ್ನು ಈಗ ಇಬ್ಬರೇ ನೋಡಿದರು. ಆಕಾಶ ನೀಲಿಯಾಯಿತು. ಓಖ್ಲಾದ ಹಿರಿಯರು ಡೈರಿಯಲ್ಲಿ ಹಕ್ಕಿಗಳ ಕೂಗನ್ನೂ ಬರೆದಿಟ್ಟರು. ಹಾಗೆಯೇ, ಉದ್ಯಾನದ ಬಾಗಿಲಿಗೆ ಬೀಗ ಬಿದ್ದುದರಿಂದ ಬೆಳಗಿನ ನಡಿಗೆ ನಿಂತಿತೆಂದೂ ಬರೆದಿಟ್ಟರು.

ಈ ಎರಡನೆಯ ಟಿಪ್ಪಣಿಯೇ ಆರೋಗ್ಯದ ದೃಷ್ಟಿಯಿಂದ ಗಂಭೀರವಾದುದು. ಎಳೆಯರು ಹತ್ತು ದಿನ ಹಾಸಿಗೆ ಹಿಡಿದರೆ ಎದ್ದು ಒಂದು ತಿಂಗಳಲ್ಲಿ ಮೊದಲಿನಂತಾಗುತ್ತಾರೆ. ಎಪ್ಪತ್ತು ದಾಟಿದವರು ಕಳೆದುಕೊಂಡ ಮಾಂಸಖಂಡವನ್ನು ಮರಳಿ ಗಳಿಸುವುದು ಬಲು ನಿಧಾನ. ತೊಡೆಯ ಶಕ್ತಿ ಕುಂದಿದರೆ ಕುರ್ಚಿಯಿಂದ ಏಳುವಾಗ ಕೈಯೂರಬೇಕಾಗುತ್ತದೆ, ಅನಂತರ ಸ್ನಾನದ ಮನೆಯಲ್ಲಿ ಕಾಲು ಜಾರುತ್ತದೆ, ಸೊಂಟದ ಮೂಳೆ ಮುರಿಯುತ್ತದೆ. ರೋಗಾಣುವಿನ ಸೋಂಕಿಲ್ಲದೆಯೂ ಮಹಾಮಾರಿಯು ಮನುಷ್ಯನನ್ನು ಹಾಸಿಗೆಗೆ ಹಾಕುವ ಹಾದಿ ಇದು. ಅರವತ್ತೈದು ಮೀರಿದವರೂ ವಾರಕ್ಕೆ 150 ನಿಮಿಷ ಮಧ್ಯಮ ಪ್ರಮಾಣದ ಶ್ರಮವನ್ನೂ, ವಾರಕ್ಕೆ ಮೂರು ದಿನವಾದರೂ ಸಮತೋಲನ ಹಾಗೂ ಸ್ನಾಯುಬಲದ ಅಭ್ಯಾಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮನೆಯೊಳಗೆ ಇದನ್ನು ಸಾಧಿಸಲು ಯಂತ್ರಗಳೇನೂ ಬೇಡ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದು, ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಹಜಾರದಿಂದ ಕೋಣೆಗೆ ಎಣಿಸಿ ನಡೆಯುವುದು, ಇಷ್ಟೇ. ಜೊತೆಗೆ ಸಾರು ಅನ್ನಕ್ಕೆ ತೃಪ್ತರಾಗುವ ನಮ್ಮ ಹಿರಿಯರು ಬೇಳೆ, ಕಾಳು, ಮೊಸರುಗಳ ಪ್ರಮಾಣವನ್ನು ಹೆಚ್ಚಿಸಬೇಕು. ತಿಳಿಸಾರಿನಿಂದ ಸ್ನಾಯು ಬೆಳೆಯದು.

ಇನ್ನೊಂದು ಹಾನಿ ಸದ್ದಿಲ್ಲದೆ ನಡೆಯಿತು. ಆಸ್ಪತ್ರೆಯ ಹೆಸರೆತ್ತಿದರೆ ಭಯ. ಆದ್ದರಿಂದ ಸಕ್ಕರೆಯ ಪರೀಕ್ಷೆ ಆರು ತಿಂಗಳು ನಡೆಯಲಿಲ್ಲ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಂದೂಡಲ್ಪಟ್ಟಿತು, ಎದೆನೋವು ವಾಯುವಾಯಿತು. ದೂರವಾಣಿಯ ಮೂಲಕ ವೈದ್ಯಸಲಹೆ ನೀಡುವುದಕ್ಕೆ 2020ರ ಮಾರ್ಚ್ 25ರಂದೇ ಸರ್ಕಾರ ನಿಯಮಾವಳಿಯನ್ನು ಪ್ರಕಟಿಸಿತ್ತು. ಅದನ್ನು ಬಳಸಿಕೊಂಡವರು ಜಾಣರು. ಓಖ್ಲಾದ ದಂಪತಿಗಳಿಗೆ ಮಗಳು ಹಟ ಹಿಡಿದು ವಿಡಿಯೋ ಕರೆಯನ್ನು ಕಲಿಸಿದಳು, ಒಂದು ರಕ್ತದೊತ್ತಡದ ಯಂತ್ರವನ್ನೂ ಬೆರಳಿಗೆ ತೊಡಿಸುವ ಆಕ್ಸಿಮೀಟರನ್ನೂ ಅಂಚೆಯಲ್ಲಿ ಕಳುಹಿಸಿದಳು. ಹಿರಿಯರ ಡೈರಿಯಲ್ಲಿ ಮೂರು ಹೊಸ ಅಂಕಣಗಳು ತೆರೆದವು.

2021ರ ಏಪ್ರಿಲ್

ಅರವತ್ತು ದಾಟಿದವರಿಗೆ ಲಸಿಕೆ ಲಭ್ಯವಾದುದು 2021ರ ಮಾರ್ಚ್ 1ರಿಂದ. ಹಿರಿಯರು ಎರಡನೆಯ ವಾರದಲ್ಲಿಯೇ ಹಾಕಿಸಿಕೊಂಡರು. ಮಂಡಿ ನೋವಿನ ಪತ್ನಿ, ಮೆಟ್ಟಿಲಿಳಿದು ಸಾಲಿನಲ್ಲಿ ನಿಲ್ಲುವ ಕಷ್ಟಕ್ಕೆ ಅಂಜಿ, ಮುಂದಿನ ವಾರ ಎಂದು ಎರಡು ಬಾರಿ ಹೇಳಿದರು. ದೆಹಲಿಯಲ್ಲಿ ಆಗ ದಿನಕ್ಕೆ ಕೆಲವೇ ನೂರು ಪ್ರಕರಣಗಳು. ಎಲ್ಲವೂ ಮುಗಿಯಿತೆಂಬ ಭಾವನೆ. ಏಪ್ರಿಲ್ 19ರ ರಾತ್ರಿ ನಗರಕ್ಕೆ ಮತ್ತೆ ಲಾಕ್‌ಡೌನ್ ಬಂದಿತು. ಮರುದಿನದ ಪ್ರಕರಣಗಳು 28 ಸಾವಿರಕ್ಕೂ ಅಧಿಕ.

ಆ ವಾರವೇ ಆಕೆಗೆ ಜ್ವರ. ಪರೀಕ್ಷೆಗೆ ಮನೆಗೆ ಬರುವವರಿಲ್ಲ, ಬಂದರೂ ವರದಿಗೆ ಮೂರು ನಾಲ್ಕು ದಿನ. ವರದಿಗಾಗಿ ಕಾಯದೆ, ಸೋಂಕು ತಗುಲಿದೆ ಎಂದೇ ಭಾವಿಸಿ ಪ್ರತ್ಯೇಕ ಕೋಣೆ, ತೆರೆದ ಕಿಟಕಿ, ಇಬ್ಬರಿಗೂ ಮಾಸ್ಕ್ ಎಂದು ಮಗಳು ಬೆಂಗಳೂರಿನಿಂದ ಆದೇಶಿಸಿದಳು. ದಿನಕ್ಕೆ ನಾಲ್ಕು ಬಾರಿ ಆಕ್ಸಿಮೀಟರಿನ ಅಂಕಿಯನ್ನು ಬರೆಯುವುದು ತಂದೆಯ ಕೆಲಸ. 97, 97, 96, 96. ಏಳನೆಯ ದಿನ 95. ಜ್ವರವೂ ಇಳಿದಿತ್ತು; ಆಕೆ ಎದ್ದು ಕುಳಿತು ಗಂಜಿ ಕುಡಿದರು.

ಇಲ್ಲಿ ಒಂದು ಕ್ಷಣ ನಿಂತು ಆ ಯಂತ್ರದ ಕೆಲಸವನ್ನು ತಿಳಿಯುವುದು ಒಳ್ಳೆಯದು. ಆಮ್ಲಜನಕವನ್ನು ಹೊತ್ತ ರಕ್ತವೂ ಹೊರದ ರಕ್ತವೂ ಬೆಳಕನ್ನು ಬೇರೆ ಬೇರೆ ರೀತಿಯಲ್ಲಿ ಹೀರುತ್ತವೆ. ಯಂತ್ರವು ಕೆಂಪು ಮತ್ತು ಅವಗೆಂಪು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತಿದೆಯೆಂದು ಅಂದಾಜು ಮಾಡುತ್ತದೆ. ಆರೋಗ್ಯವಂತರಲ್ಲಿ 95ಕ್ಕೆ ಕಡಮೆ ಇರುವುದಿಲ್ಲ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ಕೈ ನಡುಗುತ್ತಿದ್ದರೆ ಅಂಕಿ ತಪ್ಪಬಹುದು. ಮೈಬಣ್ಣ ಕಪ್ಪಾದಷ್ಟೂ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವ ಸಂಭವವೂ ಉಂಟು. ಆದ್ದರಿಂದ ಒಂದು ಅಂಕಿಗಿಂತ ಅಂಕಿಗಳ ಸಾಲು ಮುಖ್ಯ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂದಿನ ಶಿಲ್ಕನ್ನು ನೋಡಿ ಸಂತೋಷಪಡುವವನಿಗಿಂತ, ಮೂರು ತಿಂಗಳ ನಮೂದುಗಳನ್ನು ಓದುವವನಿಗೆ ಮನೆಯ ಸ್ಥಿತಿ ಚೆನ್ನಾಗಿ ತಿಳಿದಿರುತ್ತದೆ.

ಕೋವಿಡ್‌ನ ವಂಚನೆ ಏನೆಂದರೆ, ಆಮ್ಲಜನಕ ಇಳಿಯುತ್ತಿದ್ದರೂ ರೋಗಿಗೆ ಉಬ್ಬಸವೇ ಆಗದಿರಬಹುದು. ಉಸಿರು ಕಟ್ಟಿದಂತಹ ಸಂಕಟವು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಉಂಟಾಗುವಂಥದು. ಈ ರೋಗದ ಮೊದಲ ಹಂತದಲ್ಲಿ ಅದು ಹೊರಹೋಗುತ್ತಲೇ ಇರುತ್ತದೆ, ಆಮ್ಲಜನಕ ಮಾತ್ರ ಒಳಬರುವುದಿಲ್ಲ. 90ರ ಕೆಳಗಿಳಿದ ಮೇಲೆ ಕುಸಿತ ಬಹಳ ವೇಗದ್ದು. ಮರೆಯಲ್ಲಿರುವ ಈ ಕೊರತೆಯನ್ನು ಹೊರಗೆಳೆಯಲು ಸುಲಭವಾದ ಒಂದು ಪರೀಕ್ಷೆಯುಂಟು. ಆರು ನಿಮಿಷ ಸಮತಟ್ಟಾದ ನೆಲದ ಮೇಲೆ ನಡೆದು, ನಡೆಯುವ ಮುಂಚಿನ ಮತ್ತು ಅನಂತರದ ಅಂಕಿಗಳನ್ನು ಹೋಲಿಸುವುದು. ತೀರ ವಯಸ್ಸಾದವರಿಗೆ ಮೂರು ನಿಮಿಷ ಸಾಕು. 94ರ ಕೆಳಗಿಳಿದರೆ, ಅಥವಾ ಮೂರು ನಾಲ್ಕು ಅಂಶ ಇಳಿದರೆ, ವೈದ್ಯರಿಗೆ ತಿಳಿಸಲೇಬೇಕು. ಕುಳಿತಾಗಲೇ 94ಕ್ಕಿಂತ ಕಡಮೆ ಇದ್ದವರನ್ನು ನಡೆಯಿಸುವ ಪ್ರಶ್ನೆಯೇ ಇಲ್ಲ.

97ರಿಂದ 95ಕ್ಕೆ ಇಳಿದ ಸಾಲನ್ನು ಡೈರಿಯಲ್ಲಿ ಕಂಡ ಹಿರಿಯರಿಗೆ ಸಮಾಧಾನವಾಗಲಿಲ್ಲ. ಪತ್ನಿಯ ಕೈಹಿಡಿದು ಹಜಾರದಲ್ಲಿ ಮೂರು ನಿಮಿಷ ನಡೆಯಿಸಿದರು. ಅಂಕಿ 90. ಮಾತನಾಡುತ್ತ, ಒಗ್ಗರಣೆಗೆ ಇಂಗು ಮುಗಿದಿದೆ ಎಂದು ಹೇಳುತ್ತ ನಡೆದ ಹೆಂಗಸಿಗೆ 90!

ವೈದ್ಯರಿಗೆ ಕರೆ ಹೋಯಿತು. ಹಾಸಿಗೆಗಾಗಿ ಐದು ಆಸ್ಪತ್ರೆಗಳಿಗೆ ಕರೆ ಹೋಯಿತು, ಎಲ್ಲಿಯೂ ಇಲ್ಲ. ಆ ದಿನಗಳಲ್ಲಿ ದೆಹಲಿಯ ದೊಡ್ಡ ಆಸ್ಪತ್ರೆಗಳೇ, ಇನ್ನು ಎರಡು ಗಂಟೆಗೆ ಆಗುವಷ್ಟು ಆಮ್ಲಜನಕವಿದೆ ಎಂದು ಬಹಿರಂಗವಾಗಿ ಮೊರೆಯಿಡುತ್ತಿದ್ದವು, ಉಚ್ಚ ನ್ಯಾಯಾಲಯ ದಿನವೂ ಈ ವಿಷಯವನ್ನು ಕೇಳುತ್ತಿತ್ತು. ಮೇ 1ರಂದು ದಕ್ಷಿಣ ದೆಹಲಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕ ತೀರಿ 12 ಮಂದಿ ರೋಗಿಗಳು ಮೃತರಾದರು. ಅವರಲ್ಲಿ ಅಲ್ಲಿನ ವೈದ್ಯರೊಬ್ಬರೂ ಇದ್ದರು. ಮರುರಾತ್ರಿ ಕಳೆಯುವಷ್ಟರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಿಂದ 24 ಸಾವುಗಳ ಸುದ್ದಿ. ರಾಜಧಾನಿಯಲ್ಲಿದ್ದರೂ ತವರಿನಲ್ಲಿದ್ದರೂ ಒಂದೇ ಎಂಬ ದಾರುಣ ಸಮಾನತೆಯನ್ನು ದೆಹಲಿಯ ಕನ್ನಡಿಗರು ಆ ವಾರ ಕಂಡರು.

ಹಾಸಿಗೆ ಸಿಗುವವರೆಗೆ ಮಾಡಬಹುದಾದುದನ್ನು ವೈದ್ಯರು ದೂರವಾಣಿಯಲ್ಲಿ ಹೇಳಿದರು. ಮೊದಲನೆಯದು ಬೋರಲಾಗಿ ಮಲಗುವುದು. ಬೆನ್ನಿನ ಮೇಲೆ ಮಲಗಿದಾಗ ಶ್ವಾಸಕೋಶದ ಹಿಂಭಾಗ ಹೃದಯ ಮತ್ತು ಹೊಟ್ಟೆಯ ಭಾರಕ್ಕೆ ಅದುಮಲ್ಪಡುತ್ತದೆ. ಬೋರಲಾದಾಗ ಆ ಭಾಗ ಅರಳಿ ರಕ್ತಕ್ಕೆ ಹೆಚ್ಚು ಆಮ್ಲಜನಕ ಸೇರುತ್ತದೆ. ಕತ್ತಿನ ಕೆಳಗೊಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲಿನ ಕೆಳಗೆ ಎರಡು. ಊಟವಾದ ಒಂದು ಗಂಟೆಯೊಳಗೆ ಮಾಡಕೂಡದು. ಹೃದಯದ ತೀವ್ರ ತೊಂದರೆಯಿದ್ದವರು ಮಾಡಕೂಡದು. ಎರಡನೆಯದು ಆಮ್ಲಜನಕ. ಕೆಳಮನೆಯ ತರುಣನೊಬ್ಬ ಜಾಮಿಯಾನಗರದ ಗೆಳೆಯರ ಮೂಲಕ ರಾತ್ರಿ ಹನ್ನೊಂದಕ್ಕೆ ಒಂದು ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿಸಿದ.

ಸಿಲಿಂಡರ್ ಬಂದಿತೆಂದು ನಿಟ್ಟುಸಿರು ಬಿಡುವ ಮೊದಲು ಲೆಕ್ಕ ಮಾಡಬೇಕು. ಸಣ್ಣ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಬಿಟ್ಟರೆ 300 ನಿಮಿಷ, ಅಂದರೆ ಐದೇ ಗಂಟೆ. ಆಳೆತ್ತರದ ದೊಡ್ಡದರಲ್ಲಿ ಸುಮಾರು 7,000 ಲೀಟರ್. ಅದೇ ವೇಗಕ್ಕೆ ಇಪ್ಪತ್ತಮೂರು ಗಂಟೆ ಬರುತ್ತದೆ. ಕಾನ್ಸಂಟ್ರೇಟರ್ ಎಂಬ ಯಂತ್ರವಾದರೋ ಕೋಣೆಯ ಗಾಳಿಯಿಂದಲೇ ಸಾರಜನಕವನ್ನು ಬೇರ್ಪಡಿಸಿ ಆಮ್ಲಜನಕವನ್ನು ಕೊಡುತ್ತದೆ, ವಿದ್ಯುತ್ತು ಇರುವಷ್ಟು ಹೊತ್ತು. ಹಿರಿಯರು ಗಡಿಯಾರದ ಪಕ್ಕದಲ್ಲಿ ಕಾಗದವಿಟ್ಟು, ಸಿಲಿಂಡರ್ ಮುಗಿಯುವ ಹೊತ್ತನ್ನೂ ಅದಕ್ಕೆ ಎರಡು ಗಂಟೆ ಮೊದಲು ಕರೆ ಮಾಡಬೇಕಾದ ಹೊತ್ತನ್ನೂ ಬರೆದಿಟ್ಟರು. ನಾಲ್ಕು ದಿನ, ನಾಲ್ಕು ರಾತ್ರಿ. ಐದನೆಯ ಬೆಳಿಗ್ಗೆ ಆಮ್ಲಜನಕವನ್ನು ನಿಲ್ಲಿಸಿದ ಮೇಲೆಯೂ 94 ನಿಂತಿತು. ಸಿಲಿಂಡರ್ ಇನ್ನೊಂದು ಮನೆಗೆ ಹೋಯಿತು.

ಇದನ್ನು ಮನೆಯಲ್ಲಿಯೇ ಮಾಡಬಹುದಾದ ಚಿಕಿತ್ಸೆಯೆಂದು ಯಾರೂ ತಿಳಿಯಬಾರದು. ಗತಿಯಿಲ್ಲದೆ ಮಾಡಿದುದು ಅದು. ಅದೇ ಸಾಲಿನ ಮತ್ತೊಂದು ಮನೆಯಲ್ಲಿ, ಸ್ವಲ್ಪ ಸುಸ್ತು ಅಷ್ಟೇ ಎನ್ನುತ್ತಿದ್ದವರ ಬೆರಳಿಗೆ ಯಂತ್ರವನ್ನು ತೊಡಿಸಿದಾಗ ಅಂಕಿ 78 ಆಗಿತ್ತು. ಅವರು ಆಂಬುಲೆನ್ಸಿನಲ್ಲಿಯೇ ತೀರಿಕೊಂಡರು.

ಸ್ಟಿರಾಯ್ಡ್ ಔಷಧಿಯ ಬಗೆಗೂ ಒಂದು ಮಾತು ಅವಶ್ಯಕ. ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಔಷಧವು ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ಐದರಲ್ಲಿ ಒಂದು ಪಾಲಿನಷ್ಟು, ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲವೆಂಬುದನ್ನೂ ಅದೇ ಪ್ರಯೋಗ ತೋರಿಸಿತ್ತು. ಆದರೆ 2021ರ ವಸಂತದಲ್ಲಿ, ವಾಟ್ಸಪ್ಪಿನಲ್ಲಿ ಬಂದ ಚೀಟಿಯನ್ನು ನೋಡಿ ಜ್ವರದ ಮೊದಲ ದಿನವೇ ಅದನ್ನು ನುಂಗಿದವರೆಷ್ಟೋ. ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮೂಗು ಕಣ್ಣುಗಳನ್ನು ಕೊರೆಯುವ ಕಪ್ಪು ಶಿಲೀಂಧ್ರ ರೋಗವು ಮೇ ತಿಂಗಳಲ್ಲಿ ದೆಹಲಿಯಲ್ಲಿಯೂ ಕರ್ನಾಟಕದಲ್ಲಿಯೂ ಹರಡಿದುದಕ್ಕೆ ಇದು ಒಂದು ಮುಖ್ಯ ಕಾರಣ. ಓಖ್ಲಾದ ಗೃಹಿಣಿಗೆ ವೈದ್ಯರೇ ಅಂಕಿಯನ್ನು ನೋಡಿ ಅದನ್ನು ಕೊಟ್ಟರು, ದಿನಕ್ಕೆ ನಾಲ್ಕು ಬಾರಿ ಸಕ್ಕರೆಯನ್ನು ಅಳೆಯಿಸಿದರು, ಹತ್ತು ದಿನಗಳಲ್ಲಿ ನಿಲ್ಲಿಸಿದರು. ಆದರೂ ಮೆಟ್ಟಿಲಿಳಿಯುವಷ್ಟು ಶಕ್ತಿ ಬರಲು ಮೂರು ತಿಂಗಳು ಹಿಡಿಯಿತು. ಚೇತರಿಸಿಕೊಂಡ ಮೇಲೆ ಆಕೆ ಮಾಡಿದ ಮೊದಲ ಹೊರಸಂಚಾರ, ಲಸಿಕೆಯ ಕೇಂದ್ರಕ್ಕೆ.

ಹಣ ಮತ್ತು ಕಾಗದಪತ್ರ

ಆರೋಗ್ಯದ ಲೇಖನದಲ್ಲಿ ಹಣದ ಮಾತೇಕೆ ಎಂದು ಕೇಳಬಹುದು. ಮಾತ್ರೆ ಕೊಳ್ಳುವುದು ಹಣದಿಂದ. ಕೇಂದ್ರದ ನಿವೃತ್ತರ ತುಟ್ಟಿಪರಿಹಾರ 2020ರ ಜನವರಿಯಿಂದ 2021ರ ಜೂನ್‌ವರೆಗೆ ಶೇಕಡಾ 17ರಲ್ಲಿಯೇ ಸ್ಥಗಿತವಾಗಿತ್ತು. ಜುಲೈಯಲ್ಲಿ 28ಕ್ಕೆ ಏರಿಸಿದಾಗ ಹಿಂದಿನ ಬಾಕಿಯನ್ನು ಕೊಡಲಿಲ್ಲ. ಮೂಲ ಪಿಂಚಣಿ 30,000 ರೂಪಾಯಿ ಇದ್ದವರಿಗೆ 4, 3, 4ರ ಮೂರು ಕಂತುಗಳ ಲೆಕ್ಕದಲ್ಲಿ ಹದಿನೆಂಟು ತಿಂಗಳಲ್ಲಿ ಬಿಟ್ಟುಹೋದುದು 39,600 ರೂಪಾಯಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2020ರ ಏಪ್ರಿಲ್ 1ರಂದು ಶೇಕಡಾ 8.6ರಿಂದ 7.4ಕ್ಕೆ ಇಳಿಯಿತು. ಹಳೆಯ ಠೇವಣಿಗೆ ಬಾಧೆಯಿಲ್ಲ; ಅವಧಿ ಮುಗಿದು ಮತ್ತೆ 15 ಲಕ್ಷ ತೊಡಗಿಸಿದವರಿಗೆ ಮೂರು ತಿಂಗಳಿಗೆ 32,250ರ ಬದಲು 27,750. ಈ ದರ 8.2ಕ್ಕೆ ಏರಿದುದು 2023ರ ಏಪ್ರಿಲ್‌ನಲ್ಲಿ. ಲಾಕ್‌ಡೌನಿನ ಎಂಟನೆಯ ದಿನವಾದ ಅದೇ 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಉಡುಪಿಯಲ್ಲಿ ಹುಟ್ಟಿ ಎಷ್ಟೋ ಕನ್ನಡಿಗರನ್ನು ದೆಹಲಿಗೆ ಕರೆತಂದ ಎರಡು ಹೆಸರುಗಳು, ವಿದಾಯ ಹೇಳಲು ಯಾರೂ ಹೊರಬರಲಾಗದ ದಿನ, ನಾಮಫಲಕಗಳಿಂದ ಇಳಿಯಲಾರಂಭಿಸಿದವು.

ಆದರೆ ಹೆಚ್ಚಿನ ಸಂಕಟ ಬಡ್ಡಿಯದಲ್ಲ, ತಿಳಿವಳಿಕೆಯದು. ಪತಿ ಆಸ್ಪತ್ರೆ ಸೇರಿದ ರಾತ್ರಿ ಖಾತೆಯ ಗುರುತು ಪತ್ನಿಗೆ ಗೊತ್ತಿಲ್ಲ, ವಿಮೆಯ ಕಾಗದ ಯಾವ ಪೆಟ್ಟಿಗೆಯಲ್ಲಿದೆಯೋ ತಿಳಿಯದು, ಠೇವಣಿಗೆ ನಾಮನಿರ್ದೇಶನವಿಲ್ಲ. ಗಂಡಹೆಂಡಿರ ಖಾತೆ ಜಂಟಿಯಾಗಿರಲಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ನಡೆಸುವ ಷರತ್ತಿನದಾಗಿರಲಿ. ಪ್ರತಿಯೊಂದು ಠೇವಣಿಗೂ ನಾಮನಿರ್ದೇಶನವಾಗಲಿ. ಸೇವಿಸುತ್ತಿರುವ ಔಷಧಗಳು, ಅಲರ್ಜಿ, ರಕ್ತದ ಗುಂಪು, ವಿಮೆಯ ಸಂಖ್ಯೆ, ಇಬ್ಬರು ನೆರೆಯವರ ದೂರವಾಣಿ ಸಂಖ್ಯೆ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಗಡೆ ಅಂಟಿಸುವುದಕ್ಕೆ ಅರ್ಧ ಗಂಟೆ ಸಾಕು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಾಗಿಯೂ ಇಲ್ಲ. 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮನೆಯಿಂದಲೇ ಸಲ್ಲಿಸಬಹುದು, 2020ರಿಂದ ಅಂಚೆಯವನೇ ಮನೆಗೆ ಬಂದು ಮಾಡಿಸುವ ಸೌಲಭ್ಯವೂ ಇದೆ.

ಒಂಟಿತನದ ವಿಷಯವನ್ನು ಹಿರಿಯರ ಡೈರಿ ಹೆಚ್ಚು ಹೇಳುವುದಿಲ್ಲ. ಆ ತಲೆಮಾರಿನವರು ಅದನ್ನು ಬರೆಯುವವರಲ್ಲ. ಹೊರದೇಶದ ಮಗನ ವಿಷಯದಲ್ಲಿ ಮಾತ್ರ ಒಂದು ನಮೂದಿದೆ. 2020ರ ಮಾರ್ಚ್ 23ರಿಂದ ನಿಂತ ಅಂತರರಾಷ್ಟ್ರೀಯ ವಿಮಾನಗಳ ನಿಯತ ಸಂಚಾರ 2022ರ ಮಾರ್ಚ್ 27ಕ್ಕೆ ಪುನರಾರಂಭವಾಯಿತೆಂಬ ಸುದ್ದಿಯ ಕೆಳಗೆ ಅಡ್ಡಗೆರೆ ಎಳೆದು, ದಿನಗಳನ್ನು ಎಣಿಸಿ ಬರೆದಿದ್ದಾರೆ: 734. ನಿದ್ರೆ ಬಾರದಿರುವುದು, ಕಾರಣವಿಲ್ಲದೆ ಸಿಡುಕುವುದು, ಸ್ನಾನ ಊಟಗಳಲ್ಲಿ ಅನಾಸಕ್ತಿ, ಇವು ಎರಡು ವಾರ ಮೀರಿದರೆ ಮುಪ್ಪಿನ ಸ್ವಭಾವವೆಂದು ಬಿಡದೆ ಸಲಹೆ ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೂ ಮಾತನಾಡಬಹುದೆಂಬುದು ಪರಸ್ಥಳದಲ್ಲಿರುವವರಿಗೆ ಸಣ್ಣ ಸಂಗತಿಯಲ್ಲ; ಸಂಕಟವನ್ನು ಹಿಂದಿಗೆ ತರ್ಜುಮೆ ಮಾಡುವುದು ಎಪ್ಪತ್ತರಲ್ಲಿ ಕಷ್ಟ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಓಖ್ಲಾದ ಮನೆಯಲ್ಲಿ ಉಳಿದುಕೊಂಡಿರುವುದು ಕಿಟಕಿಯ ಸಮಸ್ಯೆ. ಮುಚ್ಚಿದರೆ ಒಳಗಿನ ಉಸಿರು ನಿಲ್ಲುತ್ತದೆ. ತೆರೆದರೆ, ಅಕ್ಟೋಬರಿನಿಂದ ಜನವರಿಯವರೆಗೆ, ದೆಹಲಿಯ ಹೊಗೆ ಒಳಬರುತ್ತದೆ. ಚಳಿಗಾಲದ ರಾತ್ರಿ ಮತ್ತು ಮುಂಜಾವುಗಳಲ್ಲಿ ತಣ್ಣನೆಯ ಗಾಳಿ ನೆಲಕ್ಕಂಟಿ ನಿಂತು ಹೊಗೆಯನ್ನೂ ಹಿಡಿದಿಡುತ್ತದೆ. ಬಿಸಿಲೇರಿದ ಮೇಲೆ ಗಾಳಿ ಮೇಲೆದ್ದು ಹೊಗೆ ತಕ್ಕಮಟ್ಟಿಗೆ ಚದರುತ್ತದೆ. ಆದ್ದರಿಂದ ಹಿರಿಯರು ನಲವತ್ತು ವರ್ಷಗಳ ಅಭ್ಯಾಸವನ್ನು ಬದಲಿಸಿದ್ದಾರೆ. ಚಳಿಗಾಲದಲ್ಲಿ ಕಿಟಕಿಗಳು ತೆರೆಯುವುದು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ. ಬೆಳಗಿನ ಐದೂವರೆಯ ನಡಿಗೆ ಈಗ ಮಧ್ಯಾಹ್ನ ಒಂದಕ್ಕೆ, ಪತ್ನಿಯ ಜೊತೆ, ಉದ್ಯಾನದ ಬಿಸಿಲಿನ ಮಗ್ಗುಲಲ್ಲಿ ನಾಲ್ಕು ಸುತ್ತು.